ಫ್ಯಾನಿಗೆ ಸುತ್ತುವ ಹಗ್ಗ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ, ಮಂಗಳೂರು, ಕಾರವಾರಗಳಲ್ಲಿ ಬೋಟುಗಳನ್ನು ದಡಕ್ಕೆಳೆದು ಬಣ್ಣ ಬಳಿಯುವುದೂ ಎಂಜಿನ್ ಬಿಚ್ಚುವುದೂ ಆಗಲೇ. ಆ ರಿಪೇರಿಯ ಪಟ್ಟಿಯಲ್ಲಿ ಇನ್ನೊಂದು ಸಾಮಾನು ಸೇರಬೇಕೆಂಬುದು ನಮ್ಮ ಒತ್ತಾಯ: ಪ್ರೊಪೆಲ್ಲರಿನ ಷಾಫ್ಟಿಗೆ ತೊಡಿಸುವ ಹಗ್ಗ ಕತ್ತರಿ.

ತಿರುಗುವ ಷಾಫ್ಟಿಗೆ ಒಂದೆಳೆ ನೂಲು ಸಿಕ್ಕರೆ ಏನಾಗುವುದೆಂದು ಗಿರಣಿಯ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸಮುದ್ರದಲ್ಲಿಯೂ ಅದೇ ಕಥೆ. ಹಿಂದಿನ ನಾರಿನ ಹಗ್ಗ ನೀರಿನಲ್ಲಿ ಕೊಳೆಯುತ್ತಿತ್ತು. ಈಗಿನ ನೈಲಾನ್ ಬಲೆ ವರ್ಷಗಟ್ಟಲೆ ಉಳಿಯುತ್ತದೆ. ಅದು ಫ್ಯಾನಿಗೂ ಬೇರಿಂಗಿಗೂ ನಡುವೆ ಸುತ್ತಿ, ಉಜ್ಜಿದ ಕಾವಿಗೆ ಕರಗಿ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಸೀಲು ಕೆಟ್ಟರೆ ಬೋಟಿನೊಳಕ್ಕೆ ನೀರು. ಎಂಜಿನ್ ನಿಂತರೆ ಬೋಟು ಅಲೆಯ ಪಾಲು. ಆಗ ಚೂರಿ ಹಿಡಿದು ಬೋಟಿನಡಿಗೆ ಮುಳುಗುವವನು ಯಾರು? ಮಾಲೀಕನಂತೂ ಅಲ್ಲ.

ಇದು ಸಣ್ಣ ವಿಷಯವೆನ್ನುವವರು ದಕ್ಷಿಣ ಕೊರಿಯಾವನ್ನು ನೆನೆಯಲಿ. 1993ರ ಅಕ್ಟೋಬರಿನಲ್ಲಿ ಅಲ್ಲಿ ಸಿಯೋಹೆ ಎಂಬ ಪ್ರಯಾಣಿಕರ ಹಡಗು ಮಗುಚಿ 292 ಜನ ಸತ್ತರು. ಅದರ ಎರಡೂ ಷಾಫ್ಟುಗಳಿಗೆ ನೈಲಾನ್ ಹಗ್ಗ ಸುತ್ತಿಕೊಂಡಿತ್ತು.

ಕತ್ತರಿಯಲ್ಲಿ ಎರಡು ಬಗೆ. ಒಂದು, ಫ್ಯಾನಿನ ಮುಂದೆ ಷಾಫ್ಟಿಗೆ ಬಿಗಿಯುವ ಹರಿತ ಅಂಚಿನ ತಟ್ಟೆ. ಅಗ್ಗ, ಆದರೆ ಹಗ್ಗ ಬಿಗಿಯಾಗಿ ಎಳೆದಾಗಲೇ ಅದು ಕೊಯ್ಯುವುದು. ಇನ್ನೊಂದರಲ್ಲಿ ಷಾಫ್ಟಿನೊಡನೆ ತಿರುಗುವ ಅಲಗುಗಳು, ಬೇರಿಂಗಿನ ಮನೆಗೆ ಕೂರಿಸಿದ ಸ್ಥಿರ ಅಲಗಿಗೆ ಹಗ್ಗವನ್ನು ಒಯ್ದು ಕತ್ತರಿಸುತ್ತವೆ. ಬಲೆಗೆ ಇದೇ ಮೇಲು. ಕೂರಿಸುವ ಮುಂಚೆ ಷಾಫ್ಟಿನ ದಪ್ಪವನ್ನೂ ಫ್ಯಾನಿಗೂ ಬೇರಿಂಗಿಗೂ ಇರುವ ಸಂದನ್ನೂ ಅಳೆಯಬೇಕು. ರಬ್ಬರಿನ ಮೇಲೆ ಕುಳಿತ ಎಂಜಿನ್ ಆದರೆ ಷಾಫ್ಟು ಹಿಂದೆಮುಂದೆ ಸರಿಯುತ್ತದೆ, ಅದಕ್ಕೂ ಜಾಗ ಬಿಡಬೇಕು. ಬೇರಿಂಗಿಗೆ ನೀರು ಹೋಗುವ ದಾರಿ ಮುಚ್ಚಬಾರದು. ಬೋಲ್ಟು ಸಡಿಲವಾದರೆ ಕತ್ತರಿಯೇ ಫ್ಯಾನಿಗೆ ಶತ್ರು. ಪ್ರತಿ ಮಳೆಗಾಲ ಅಲಗು ನೋಡಿ ಸಾಣೆ ಹಿಡಿಸಬೇಕು. ಇಷ್ಟು ಮಾಡಿದರೂ ಇಡೀ ಟ್ರಾಲ್ ಬಲೆ ಸಿಕ್ಕರೆ ಎಂಜಿನ್ ನಿಲ್ಲಬಹುದು. ಹಾಗೆ ಯಾರಾದರೂ ಇಳಿಯಲೇಬೇಕಾದರೆ ಎಂಜಿನ್ ಪೂರ್ತಿ ಬಂದಾಗಿರಲಿ, ಕೀಲಿ ಇಳಿಯುವವನ ಸಂಗಾತಿಯ ಕೈಯಲ್ಲಿರಲಿ. ಕೆಳಗೆ ಈಗ ಹರಿತವಾದ ಅಲಗಿದೆ.

ದುಡ್ಡು ಯಾರದು? ಡೀಸೆಲು, ಮಂಜುಗಡ್ಡೆ ಮುಂತಾದ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು ಪಡೆಯುವ ಕಲಾಸಿಗೆ, ನಡುನೀರಿನಲ್ಲಿ ಬೋಟು ನಿಂತರೆ ಪಾಲೂ ಇಲ್ಲ. ಮೀನು ಹೊತ್ತು ಮಾರುವ ಹೆಂಗಸಿನ ಬುಟ್ಟಿಯೂ ಬರಿದು. ಕತ್ತರಿಯ ಬೆಲೆಯನ್ನು ಇವರ ಪಾಲಿನಿಂದ ಮುರಿಯುವುದನ್ನು ನಾವು ಒಪ್ಪುವುದಿಲ್ಲ. ಷಾಫ್ಟು ಮಾಲೀಕನದು, ಕತ್ತರಿಯೂ ಅವನದೇ. ತಿರುಗುವ ಯಂತ್ರಕ್ಕೆ ಬೇಲಿ ಹಾಕುವ ಹೊಣೆಯನ್ನು 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನ ತಲೆಗೆ ಕಟ್ಟಲಿಲ್ಲ. ಒಂದೇ ಬೋಟಿನ ಬಡ ಮಾಲೀಕನಿಗೆ ಕಷ್ಟವೆಂಬುದು ನಿಜ. ಡೀಸೆಲಿಗೆ ಕರ ವಿನಾಯಿತಿ ಕೊಡುವ ಸರ್ಕಾರ ಇದಕ್ಕೂ ಸಹಾಯಧನ ಕೊಡಲಿ.

ಹರಿದ ಬಲೆಯನ್ನು ಕಡಲಿಗೆಸೆಯುವ ಚಾಳಿಯೂ ನಿಲ್ಲಬೇಕು. ಹಡಗುಗಳು ಪ್ಲಾಸ್ಟಿಕ್ ಹಗ್ಗ, ಬಲೆ ಎಸೆಯುವುದನ್ನು ಅಂತರರಾಷ್ಟ್ರೀಯ ಒಪ್ಪಂದ 1988ರ ಕೊನೆಯಿಂದಲೇ ನಿಷೇಧಿಸಿದೆ. ದಕ್ಕೆಯಲ್ಲಿ ಹಳೆಯ ಬಲೆ ತೂಗಿ ಕೊಳ್ಳುವ ಒಂದು ತಕ್ಕಡಿ ಇಟ್ಟರೆ ಎಸೆಯುವವರು ಕಡಿಮೆಯಾದಾರು. ಮುಂದಿನ ಜೂನ್ ಬರುವ ಮುನ್ನ ಪ್ರತಿ ಬಂದರಿನ ಮೀನುಗಾರರ ಸಂಘ ಈ ಎರಡು ಬೇಡಿಕೆಗಳನ್ನು ಬರೆದು ಮೀನುಗಾರಿಕೆ ಇಲಾಖೆಗೆ ಮುಟ್ಟಿಸಲಿ.