ಜೆಟ್‌ನ ಗೊಂದಲದಲ್ಲಿ ಲಯವೂ ಇದೆ, ಅದನ್ನು ಅಳೆಯಬೇಕು

ನಳಿಕೆಯಿಂದ ರಭಸವಾಗಿ ಹೊರಬರುವ ಗಾಳಿ ಅಥವಾ ನೀರಿನ ಧಾರೆಗೆ ಎಂಜಿನಿಯರುಗಳು ಜೆಟ್ ಎನ್ನುತ್ತಾರೆ. ಅದರ ಚಲನೆಯನ್ನು ಸರಾಸರಿ ವೇಗ, ಅದರ ಸುತ್ತಲಿನ ಏರಿಳಿತ ಎಂದು ಎರಡಾಗಿ ಒಡೆದು ನೋಡುವ ದಾರಿಯನ್ನು ಓಸ್ಬೋರ್ನ್ ರೆನಾಲ್ಡ್ಸ್ 1895ರಲ್ಲಿ ಹಾಕಿಕೊಟ್ಟರು. ಆ ದಾರಿಯ ಉಪಕಾರ ದೊಡ್ಡದು. ಆದರೆ ಏರಿಳಿತವನ್ನೆಲ್ಲ ಗೊತ್ತುಗುರಿಯಿಲ್ಲದ ಚಲನೆ ಎಂದು ಬಗೆದರೆ ಜೆಟ್‌ನ ಮುಖ್ಯ ಗುಣವೊಂದು ಕೈತಪ್ಪುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಗಟ್ಟಿ ಆಧಾರ 1971ರಲ್ಲಿ ಕ್ರೋ ಮತ್ತು ಶಾಂಪೇನ್ ಪ್ರಕಟಿಸಿದ ಪ್ರಯೋಗ. ಅವರು ಲೌಡ್‌ಸ್ಪೀಕರ್ ಬಳಸಿ, ದುಂಡನೆಯ ಜೆಟ್‌ನ ಬಾಯಲ್ಲಿ ವೇಗ ಶೇ 2ರಷ್ಟು ಮಾತ್ರ ನಿಯತವಾಗಿ ಏರಿಳಿಯುವಂತೆ ಮಾಡಿದರು. ಅಷ್ಟಕ್ಕೇ ದೊಡ್ಡ ಸುಳಿಗಳು ಸಾಲುಗಟ್ಟಿದವು, ಜೆಟ್ ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುವ ಪ್ರಮಾಣ ಸುಮಾರು ಮೂರನೇ ಒಂದು ಪಾಲು ಹೆಚ್ಚಿತು. ಎಲ್ಲ ಆವರ್ತನಕ್ಕೂ ಜೆಟ್ ಹೀಗೆ ಓಗೊಡುವುದಿಲ್ಲ. ಆವರ್ತನವನ್ನು ವ್ಯಾಸದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಬರುವ ಸ್ಟ್ರೌಹಾಲ್ ಸಂಖ್ಯೆ 0.3ರ ಆಸುಪಾಸಿನಲ್ಲಿದ್ದಾಗ ಓಗೊಡುವಿಕೆ ಅತಿ ಹೆಚ್ಚು. ಇನ್ನೂ ಸೋಜಿಗದ ಸಂಗತಿ ಜಮಾನ್ ಮತ್ತು ಹುಸೇನ್ ಅವರ ಅಳತೆಗಳಲ್ಲಿದೆ. ಅಂಚಿನ ತೆಳು ಪದರಕ್ಕೆ ಹೊಂದುವ ಹೆಚ್ಚಿನ ಆವರ್ತನದಲ್ಲಿ ಮಿಡಿಸಿದಾಗ ಸಣ್ಣ ಸುಳಿಗಳು ಬೇಗ ಹುಟ್ಟಿ ಬೇಗ ಒಡೆಯುತ್ತವೆ, ಜೋಡಿಗೂಡಿ ದೊಡ್ಡದಾಗುವ ಅವಕಾಶ ಸಿಗುವುದಿಲ್ಲ, ಹಾಗಾಗಿ ಪ್ರಕ್ಷುಬ್ಧತೆಯೇ ತಗ್ಗುತ್ತದೆ. ಹೊರಗಿನಿಂದ ಅಲುಗಿಸಿದರೆ ಗೊಂದಲ ಹೆಚ್ಚುತ್ತದೆ ಎಂಬ ಸಹಜ ಊಹೆ ಇಲ್ಲಿ ಸುಳ್ಳಾಗುತ್ತದೆ. ಬರೀ ಸರಾಸರಿಯಿಂದ ಸುಳಿಗಳ ಈ ಲಯ ಕಾಣದು. ತಾಳದ ಅದೇ ಪೆಟ್ಟಿನಲ್ಲಿ ಮತ್ತೆ ಮತ್ತೆ ಕಿವಿಗೊಟ್ಟಂತೆ, ಮಿಡಿತದ ಒಂದೇ ಹಂತದಲ್ಲಿ ಸಿಕ್ಕ ಅಳತೆಗಳನ್ನು ಮಾತ್ರ ಕೂಡಿಸಿ ಸರಾಸರಿ ತೆಗೆಯಬೇಕು. ಆಗ ಸರಾಸರಿ, ಲಯಬದ್ಧ, ಯಾದೃಚ್ಛಿಕ ಎಂಬ ಮೂರು ಪಾಲು ಬೇರೆಬೇರೆಯಾಗುತ್ತವೆ.

ಆ ಸುಳಿಗಳು ಲೌಡ್‌ಸ್ಪೀಕರ್‌ನ ಸೃಷ್ಟಿಯೇ ಹೊರತು ಜೆಟ್‌ನದಲ್ಲ ಎಂಬ ಆಕ್ಷೇಪವಿದೆ. ಆದರೆ 1974ರಲ್ಲಿ ಬ್ರೌನ್ ಮತ್ತು ರೋಷ್ಕೋ ಪ್ರಕಟಿಸಿದ ಚಿತ್ರಗಳಲ್ಲಿ, ಬೇರೆ ಬೇರೆ ವೇಗದ ಎರಡು ಅನಿಲಗಳು ಕೂಡುವೆಡೆ, ಯಾವ ಮಿಡಿತವನ್ನೂ ಕೊಡದೆಯೇ ದೊಡ್ಡ ಸುಳಿಗಳು ಸ್ಪಷ್ಟವಾಗಿ ಮೂಡಿವೆ. ಜೆಟ್‌ನ ಅಂಚೂ ಅಂಥದೇ ಕೂಡುವೆಡೆ. ಮಿಡಿತ ಇರುವುದನ್ನು ಬಲಪಡಿಸಿ, ಅದರ ಹೊತ್ತನ್ನು ಗೊತ್ತುಮಾಡುತ್ತದೆ. ದೂರ ಸಾಗಿದಂತೆ ಈ ಕ್ರಮ ಕರಗುತ್ತದೆ ಎಂಬ ಇನ್ನೊಂದು ಮಾತು ನಿಜ, ಒಪ್ಪುತ್ತೇನೆ. ಆದರೂ ಇಂಧನ ಗಾಳಿಯೊಡನೆ ಬೆರೆಯತೊಡಗುವುದು, ಎಂಜಿನ್ನಿನ ಜೆಟ್ ಹೆಚ್ಚು ಸದ್ದು ಮಾಡುವುದು ಬಾಯಿಂದ ಮೊದಲ ಕೆಲವು ವ್ಯಾಸಗಳ ದೂರದಲ್ಲೇ. ಕ್ರಮ ಉಳಿದಿರುವುದೂ ಅಲ್ಲೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎಸ್. ಭಟ್ ಮತ್ತು ರೊದ್ದಂ ನರಸಿಂಹ ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ಹಿಡಿದರು. ಮೋಡದೊಳಗೆ ಆವಿ ಸಾಂದ್ರಗೊಂಡಾಗ ಬಿಡುಗಡೆಯಾಗುವ ಶಾಖವನ್ನು ಅನುಕರಿಸಲು ನೀರಿನ ಜೆಟ್ಟನ್ನು ನಡುವೆ ಕಾಯಿಸಿ, ಶಾಖ ದೊಡ್ಡ ಸುಳಿಗಳನ್ನು ಕದಡಿ ಸುತ್ತಲಿನ ನೀರನ್ನು ಎಳೆದುಕೊಳ್ಳುವುದನ್ನು ಕುಗ್ಗಿಸುತ್ತದೆ ಎಂದು 1996ರಲ್ಲಿ ತೋರಿಸಿದರು. ಕ್ರಮವನ್ನು ಬಲಪಡಿಸಿದರೆ ಎಳೆತ ಹೆಚ್ಚು, ಕದಡಿದರೆ ಕಡಿಮೆ: ಸುಳಿಗಳ ರಚನೆಯೇ ಇಲ್ಲಿ ನಿರ್ಣಾಯಕ ಎನ್ನಲು ಇದಕ್ಕಿಂತ ಒಳ್ಳೆಯ ಜೋಡಿ ಸಾಕ್ಷ್ಯ ನನಗೆ ಕಾಣದು. ಕಂಪ್ಯೂಟರ್ ಇರುವಾಗ ಪ್ರಯೋಗವೇಕೆ ಎನ್ನುವವರು, ಕೈಗಾರಿಕೆಯಲ್ಲಿ ನಿತ್ಯ ಬಳಸುವ ಬಹುಪಾಲು ಲೆಕ್ಕಾಚಾರಗಳು ಈ ಲಯವನ್ನು ಕಾಣಿಸದ ಸರಾಸರಿ ಸಮೀಕರಣಗಳನ್ನೇ ನೆಚ್ಚಿವೆ ಎಂಬುದನ್ನು ಗಮನಿಸಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಜೆಟ್ಟನ್ನು ಮಿಡಿಸಿ ಅಳೆಯುವ ಪ್ರಯೋಗವನ್ನು ಪಠ್ಯಕ್ರಮಕ್ಕೆ ತರಲಿ. 5 ಸೆಂ.ಮೀ. ವ್ಯಾಸದ, ಸೆಕೆಂಡಿಗೆ 10 ಮೀಟರ್ ವೇಗದ ಜೆಟ್‌ಗೆ ಸ್ಟ್ರೌಹಾಲ್ ಸಂಖ್ಯೆ 0.3 ಆಗಲು ಬೇಕಾದ ಆವರ್ತನ ಬರೀ 60 ಹರ್ಟ್ಸ್. ಸಾಮಾನ್ಯ ಲೌಡ್‌ಸ್ಪೀಕರ್ ಅದನ್ನು ಹೊರಡಿಸಬಲ್ಲದು.