ಒಡವೆಗೆ ಮೂರು, ವಿದ್ಯೆಗೆ ಹದಿನೆಂಟು

ಹರಿಯಬ್ಬೆಯ ಕೂಲಿಕಾರನ ಮಗಳು ಕಾಲೇಜು ಸೇರಿದರೆ ಇಂದು ಪುಸ್ತಕದೊಡನೆ ಲ್ಯಾಪ್‌ಟಾಪೂ ಬೇಕು. 30,000 ರೂಪಾಯಿ ಬೆಲೆಯ ಯಂತ್ರಕ್ಕೆ ಶೇಕಡಾ 18ರ ಜಿ.ಎಸ್.ಟಿ. ಎಂದರೆ 5,400 ರೂಪಾಯಿ. ಬಂಗಾರದ ಒಡವೆಗಾದರೋ ಶೇಕಡಾ 3! ದೊಡ್ಡ ಕಂಪನಿಯು ಲ್ಯಾಪ್‌ಟಾಪಿಗೆ ತೆತ್ತ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ಕೂಲಿಕಾರನಿಗೆ ಆ ದಾರಿಯಿಲ್ಲ. ಇದಾವ ನ್ಯಾಯ?

ಅಗ್ಗವೆಂದು ಹಳೆಯದನ್ನು ಕೊಳ್ಳುವವರು ಎಚ್ಚರದಿಂದಿರಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯದ ಯಂತ್ರಕ್ಕೆ ಕಾಸು ಕೊಡದೆ ಸಿಗುವ ಲಿನಕ್ಸ್ ಹಾಕಿಸಬಹುದು. 8 ಜಿ.ಬಿ. ರ‍್ಯಾಮ್, ಎಸ್.ಎಸ್.ಡಿ., ಬ್ಯಾಟರಿಯ ಬಾಳಿಕೆ, ಹತ್ತಿರದಲ್ಲಿ ರಿಪೇರಿ, ಇವನ್ನು ನೋಡಿ, ರಸೀದಿ ಪಡೆದೇ ಹಣ ಕೊಡಿರಿ.

ವಿದ್ಯೆಯ ಸಲಕರಣೆಯು ಒಡವೆಗಿಂತ ಭಾರವಾದ ತೆರಿಗೆಯನ್ನು ಹೊರಬಾರದು. ಜಿ.ಎಸ್.ಟಿ. ಮಂಡಳಿಯು ವಿದ್ಯಾರ್ಥಿಗಳ ಲ್ಯಾಪ್‌ಟಾಪಿನ ತೆರಿಗೆಯನ್ನು ಇಳಿಸಲೇಬೇಕೆಂದು ನಾವು ಒತ್ತಾಯಿಸುತ್ತೇವೆ.