ನಾಲ್ಕು ವರ್ಷ ಕಾಣದ ಮರ

ನಿಮಗೂ ಹೀಗಾಗುತ್ತಾ? ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಎಂದೋ ಮುಗಿದ ಜಗಳವನ್ನು ತಲೆಯೊಳಗೇ ಮತ್ತೆ ಆಡುತ್ತಾ, ಅವತ್ತು ಹೊಳೆಯದ ಮಾತನ್ನು ಇವತ್ತು ಹೇಳಿ ಗೆದ್ದುಬಿಡೋದು? ನನಗೆ ನಾಲ್ಕು ವರ್ಷದಿಂದ ಇದೇ ಕೆಲಸ. ಊರಿನ ತೋಟ ಪಾಲಾದ ದಿನ ಅಣ್ಣ ಒಂದು ಮಾತು ಆಡಿದ್ದ. "ಅಪ್ಪನ್ನ ನೀನು ನೋಡ್ಕೊಂಡಿದ್ದು ಎಷ್ಟು ದಿನ?" ಅಷ್ಟೇ. ಅಡಿಕೆ ಮರಗಳ ಲೆಕ್ಕ ಮರೆತುಹೋಗಿದೆ, ಆ ಮಾತು ಮಾತ್ರ ಹಾಗೇ ಇದೆ. ಅದಕ್ಕೆ ಇಷ್ಟರಲ್ಲಿ ನೂರು ಉತ್ತರ ಕೊಟ್ಟಿರಬಹುದು, ಎಲ್ಲಾ ಮನಸ್ಸಿನಲ್ಲೇ. ಅವನಿಗೆ ಒಂದೂ ಕೇಳಿಸಿಲ್ಲ, ಪಾಪ!

ಈ ಫೆಬ್ರವರಿಯ ಒಂದು ಬೆಳಿಗ್ಗೆ ಜಯನಗರದ ಬಸ್ ಸ್ಟಾಪಿನಲ್ಲಿ ನೂರಾ ಒಂದನೆಯ ಉತ್ತರ ತಯಾರಾಗ್ತಾ ಇತ್ತು. ಭುಜದ ಮೇಲೆ ಏನೋ ಬಿತ್ತು. ಕಾಗೆ ಕೆಲಸ ಇರಬೇಕು ಅಂತ ಬೈಕೊಂಡು ನೋಡಿದರೆ... ಹೂವು. ತಿಳಿಗುಲಾಬಿ ಬಣ್ಣದ ಪುಟ್ಟ ತುತ್ತೂರಿ, ಗಂಟಲಲ್ಲಿ ಒಂಚೂರು ಹಳದಿ. ತಲೆ ಎತ್ತಿದರೆ ಎಲೆಯೇ ಇಲ್ಲದೆ ಬರೀ ಹೂ ಹೊತ್ತ ಟಬೆಬೂಯಾ ಮರ.

ಬೆಂಗಳೂರಿನವರಿಗೆ ಇದೇನು ಹೊಸದಲ್ಲ, ಗೊತ್ತು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಈ ಊರಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು ಅಂತ ಯೋಚಿಸಿ ನೆಡಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಬೀದಿಬೀದಿಗೂ ಲಕ್ಷಗಟ್ಟಲೆ ಸಸಿ ನೆಡಿಸಿದರು. ಟಬೆಬೂಯಾ ಮುಗಿಯೋ ಹೊತ್ತಿಗೆ ಹೊಂಗೆ, ಆಮೇಲೆ ಗುಲ್‌ಮೊಹರ್. ಅವರು ಇಷ್ಟೆಲ್ಲ ಏರ್ಪಾಡು ಮಾಡಿಟ್ಟಿದ್ದರೆ ನಾನು ಅದರ ಕೆಳಗೇ ನಿಂತು ಅಣ್ಣನ ಜೊತೆ ಜಗಳ ಆಡ್ತಿದ್ದೆ. ನಾಲ್ಕು ಫೆಬ್ರವರಿ, ಅದೇ ಸ್ಟಾಪು!

"ಕ್ಷಮಿಸಿಬಿಡು, ಹಗುರಾಗ್ತೀಯ" ಅನ್ನೋ ಉಪದೇಶ ನನಗೆ ಯಾವತ್ತೂ ಹಿಡಿಸಿಲ್ಲ (ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬರುತ್ತಲ್ಲ, ಅದೇ). ನೋಯಿಸಿದವನು ಆರಾಮಾಗಿರ್ತಾನೆ, ಕ್ಷಮಿಸುವ ಹೋಮ್‌ವರ್ಕೂ ನಮಗೇ! ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅವನ ಪ್ರಶ್ನೆಯಲ್ಲಿ ಅರ್ಧ ನಿಜ ಇತ್ತು, ಅದಕ್ಕೇ ಅಷ್ಟು ಚುಚ್ಚಿದ್ದು. ಅಪ್ಪ ಹಾಸಿಗೆ ಹಿಡಿದಿದ್ದ ಏಳು ತಿಂಗಳಲ್ಲಿ ನಾನು ಊರಿಗೆ ಹೋಗಿದ್ದು ಐದು ಸಲ. ಇಷ್ಟು ದಿನ ಹೊತ್ತಿದ್ದು ಅಣ್ಣನ ಮಾತನ್ನಲ್ಲ, ಈ ಐದನ್ನು. ಇದನ್ನು ಬರೆಯೋಕೆ ನಾಲ್ಕು ವರ್ಷ ಬೇಕಾಯ್ತು ನೋಡಿ.

ಹೂವು ಆ ಐದನ್ನು ಆರು ಮಾಡೋದಿಲ್ಲ. ಆದರೆ ಬಸ್ಸು ಬರುವ ತನಕದ ಹತ್ತು ನಿಮಿಷ ನಾನು ಯಾರಿಗೂ ಉತ್ತರ ಕೊಡಲಿಲ್ಲ. ರಸ್ತೆ ಗುಡಿಸುವಾಕೆ ಹೂಗಳನ್ನು ರಾಶಿ ಮಾಡ್ತಿದ್ದರು, ಗುಡಿಸಿದಲ್ಲೇ ಮತ್ತೆ ಬೀಳ್ತಿತ್ತು. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದದ್ದು ಕಂಡು "ನಿಮಗೆ ಚೆಂದ, ನಮಗೆ ಸೊಂಟನೋವು" ಅಂತ ನಕ್ಕರು. ಅದೂ ಸರಿಯೇ.

ಅಣ್ಣನಿಗೆ ಫೋನ್ ಮಾಡಿದೆಯಾ ಅಂತ ಕೇಳಬೇಡಿ. ಮಾಡಿಲ್ಲ. ಮರದ ಫೋಟೋ ಒಂದು ಕಳಿಸಿದೆ, ಏನೂ ಬರೆಯದೆ. ನೋಡಿದ್ದಾನೆ, ಎರಡು ನೀಲಿ ಗೆರೆ ಬಂದಿವೆ. ಸದ್ಯಕ್ಕೆ ಅಷ್ಟೇ.

ಅಂದಹಾಗೆ, ನಿಮ್ಮ ಬೀದಿಯಲ್ಲಿ ಈಗ ಯಾವ ಮರ ಹೂ ಬಿಟ್ಟಿದೆ?